ಅಪ್‌ಡೇಟ್: ಹಳೆಯ ಅಕಾರ್ಡ್‌ನ ಗೇರ್ ಬಾಕ್ಸ್ ಆಯಿಲ್

ನನ್ನ 2004ರ ಹೋಂಡಾ ಅಕಾರ್ಡ್ ಆಟೋಮ್ಯಾಟಿಕ್ ಕಾರು ಹೆಬ್ಬಾಳ ಫ್ಲೈಓವರ್ ಏರುವಾಗ ಗೇರ್ ಬದಲಾಗುವ ಹೊತ್ತಿಗೆ ನಡುಗುತ್ತದೆ, ಗ್ಯಾರೇಜೊಂದರಲ್ಲಿ ಡೆಕ್ಸ್ರಾನ್ 3 ಎಂಬ ಬೇರೆ ಬಗೆಯ ಗೇರ್ ಬಾಕ್ಸ್ ಆಯಿಲ್ ಹಾಕಿದ್ದಾರೆ, ಮುಂದೇನು ಮಾಡಲಿ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು; ನಡುಕ ಈಗ ನಿಂತಿದೆ.

ಕೈಪಿಡಿಯಲ್ಲಿರುವ ಝಡ್-1 ಆಯಿಲಿನ ಬದಲಿಗೆ ಹೋಂಡಾ ಈಗ ಡಿಡಬ್ಲ್ಯು-1 ನೀಡುತ್ತಿದ್ದು, ಅದನ್ನೇ ಜೆ.ಸಿ. ರಸ್ತೆಯಲ್ಲಿ ಕೊಂಡೆ. ಕ್ಲಚ್ ಪ್ಲೇಟ್‌ಗಳ ಹಿಡಿತವು ಆಯಿಲಿನ ಘರ್ಷಣೆಯ ಗುಣವನ್ನು ಅವಲಂಬಿಸಿರುವುದರಿಂದ, ಬಣ್ಣ ಕೆಂಪಗಿದೆ ಎಂದ ಮಾತ್ರಕ್ಕೆ ಯಾವುದೋ ಒಂದನ್ನು ಸುರಿಯುವುದು ಖಂಡಿತ ತಪ್ಪು. ಡ್ರೈನ್ ಬೋಲ್ಟ್ ತೆಗೆದರೂ, ಇಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗಿನ ಆಯಿಲ್ ಹೊರಬರುವುದಿಲ್ಲವಾದ್ದರಿಂದ, ಮೂರು ಬಾರಿ ಇಳಿಸಿ, ಪ್ರತಿ ಸಲವೂ ಇಳಿದಷ್ಟನ್ನೇ ಅಳೆದು ತುಂಬಿ, ನಡುವೆ ಎಲ್ಲ ಗೇರುಗಳೂ ಬೀಳುವಂತೆ ಓಡಿಸಿದೆವು. ಮೊದಲ ಸಲ ಬಂದದ್ದು ಸುಟ್ಟ ವಾಸನೆಯ ಕಂದು ಆಯಿಲ್. ಬೋಲ್ಟಿನ ಅಯಸ್ಕಾಂತದ ಮೇಲೆ ಕಾಡಿಗೆಯಂಥ ನುಣ್ಣನೆಯ ಪುಡಿಯಿತ್ತೇ ಹೊರತು ಲೋಹದ ಚೂರುಗಳಿರಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿದಾಗಲೇ ನನಗೆ ಹೋದ ಜೀವ ಬಂದಂತಾಯಿತು. ಮೂರನೆಯ ಸಲ ಆಯಿಲ್ ತಿಳಿಗೆಂಪಾಗಿತ್ತು.

ಮಟ್ಟವನ್ನು ಇಂಜಿನ್ ಬಿಸಿಯಾದ ಮೇಲೆ, ಆಫ್ ಮಾಡಿ ಒಂದೂವರೆ ನಿಮಿಷದೊಳಗೆ ಡಿಪ್‌ಸ್ಟಿಕ್‌ನಲ್ಲಿ ನೋಡಿಕೊಂಡೆ. ನಿನ್ನೆ ಅದೇ ಫ್ಲೈಓವರನ್ನು ನಾಲ್ಕು ಸಲ ಏರಿದೆ.