ಬಾರ್ಕೂರು ನೋಡಲು ಬರುವವರ ಪ್ರಶ್ನೆಗಳಿಗೆ ಉಡುಪಿಯ ಗೈಡ್ ಉತ್ತರ

ಪ್ರಶ್ನೆ (ದಾವಣಗೆರೆಯಿಂದ): ನಮಸ್ಕಾರ ಸರ್. ಡಿಸೆಂಬರ್‌ನಲ್ಲಿ ಎರಡು ದಿನದ ಮಟ್ಟಿಗೆ ಕಾರಿನಲ್ಲಿ ಉಡುಪಿಗೆ ಬರುತ್ತಿದ್ದೇವೆ. ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು. ಅವರಿಗೆ ಬಾರ್ಕೂರು ನೋಡಲೇಬೇಕಂತೆ. ಮಕ್ಕಳಿಗೆ ಸೇಂಟ್ ಮೇರೀಸ್ ದ್ವೀಪ. ಅಮ್ಮನಿಗೆ ಮಂಡಿನೋವು, ಕೃಷ್ಣನ ದರ್ಶನ ಆದರೆ ಸಾಕು ಅನ್ನುತ್ತಾರೆ. ಮೂರನ್ನೂ ಒಂದೇ ದಿನ ಮುಗಿಸಿ ಮರುದಿನ ಸುಮ್ನೆ ಬೀಚಲ್ಲಿ ಕೂರಬಹುದಾ? ಬಾರ್ಕೂರಿನಲ್ಲಿ ನಿಜಕ್ಕೂ ನೋಡುವಂಥದ್ದು ಏನಿದೆ?

ಉತ್ತರ: ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ ಮೇಡಂ. ತುರುಕಿದರೆ ಪೆಟ್ಟು ಬೀಳುವುದು ಬಾರ್ಕೂರಿಗೇ. ಮೊದಲ ದಿನ ಬೆಳಿಗ್ಗೆ ಬಾರ್ಕೂರು, ಸಂಜೆ ಕೃಷ್ಣ ಮಠ. ಎರಡನೇ ದಿನ ಬೆಳಿಗ್ಗೆ ದ್ವೀಪ. ಹೀಗೆ ಇಟ್ಟುಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾರ್ಕೂರು ಹಂಪಿ ಅಲ್ಲ. ಅಲ್ಲಿ ಟಿಕೆಟ್ ಕೊಟ್ಟು ಒಂದು ಗೇಟಿನಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುವ ವ್ಯವಸ್ಥೆ ಇಲ್ಲ. ಅದೊಂದು ಊರು. ಗದ್ದೆ, ತೋಟ, ಮನೆ, ಶಾಲೆ, ಅದರ ನಡುನಡುವೆ ದೇವಸ್ಥಾನ, ಬಸದಿ, ಕೆರೆ, ಶಾಸನ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಅಂತ ಕೇರಿ ಕೇರಿಯಾಗಿ ಹರಡಿದೆ. ದಿನಕ್ಕೊಂದರಂತೆ 365 ದೇವಸ್ಥಾನ ಇತ್ತು ಅಂತ ಊರವರ ಮಾತು. ಎಣಿಸಲು ಹೋಗಬೇಡಿ, ಆದರೆ ಆ ಮಾತು ಯಾಕೆ ಹುಟ್ಟಿತು ಅಂತ ಅಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಹಿಂದೆ ತುಳುನಾಡನ್ನು ಆಳಿದ ಆಳುಪ ರಾಜರ ರಾಜಧಾನಿಯಾಗಿದ್ದ ಊರು ಅದು. ಆಮೇಲೆ ವಿಜಯನಗರದವರು ತುಳುನಾಡನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಎರಡು ಮಾಡಿ ಆಳಿದರು. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ ಇದನ್ನೇ ಫಾಕನೂರ್ ಅಂತ ಕರೆದು, ಇಲ್ಲಿನ ಕಬ್ಬನ್ನು ಹೊಗಳಿದ್ದಾನೆ. (ಪಕ್ಕದ ಬ್ರಹ್ಮಾವರದಲ್ಲಿ ಹಿಂದೆ ಸಕ್ಕರೆ ಕಾರ್ಖಾನೆಯೂ ಇತ್ತು. ಈಗ ಅದು ಇಲ್ಲ.)

ಉಡುಪಿಯಿಂದ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಬಂದು ಬ್ರಹ್ಮಾವರದಲ್ಲಿ ಬಲಕ್ಕೆ ತಿರುಗಿ. ಒಟ್ಟು 16 ಕಿಲೋಮೀಟರ್ ಹತ್ತಿರ. ತಿಂಡಿ, ಶೌಚಾಲಯ ಎಲ್ಲ ಬ್ರಹ್ಮಾವರದಲ್ಲೇ ಮುಗಿಸಿಕೊಳ್ಳಿ. ಎಂಟು ಗಂಟೆಗೆ ಕತ್ತಲೆ ಬಸದಿಯಲ್ಲಿರಿ. ಬಿಸಿಲಿಗೆ ಹೆದರಿ ಇಷ್ಟು ಬೇಗ ಹೇಳುತ್ತಿಲ್ಲ. ಮೇಷ್ಟ್ರಿಗೆ ಶಾಸನ ಓದಬೇಕಲ್ವಾ? ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುತ್ತದೆ, ಅಕ್ಷರದ ಗೆರೆಯಲ್ಲಿ ನೆರಳು ನಿಲ್ಲುತ್ತದೆ. ಮಧ್ಯಾಹ್ನ ಅದೇ ಕಲ್ಲು ಬೋಳಾಗಿ ಕಾಣುತ್ತದೆ. ನೆರಳಲ್ಲಿರುವ ಕಲ್ಲಿಗೆ ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ, ಪಕ್ಕದಿಂದ ಹಿಡಿಯಿರಿ. ಸುಣ್ಣ, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬಾರದು. ಅಪ್ಪನಿಗೆ ಇದು ಗೊತ್ತಿರುತ್ತದೆ, ಮಕ್ಕಳಿಗೆ ಹೇಳಿಡಿ.

ನಿಮ್ಮ ಕಡೆಯ ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನ ನೋಡಿದ ಕಣ್ಣಿಗೆ ಇಲ್ಲಿನ ಕಟ್ಟಡ ಮೊದಲು ಸಪ್ಪೆ ಅನಿಸಬಹುದು. ಎತ್ತರದ ಗೋಪುರ, ಕುಸುರಿ ಹುಡುಕಬೇಡಿ, ಮಾಡನ್ನು (ಛಾವಣಿಯನ್ನು) ನೋಡಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಾಗ ಇದು. ಹಾಗಾಗಿ ಕಲ್ಲಿನ ಚಪ್ಪಡಿಯನ್ನೂ ಹಂಚಿನ ಮಾಡಿನಂತೆ ಇಳಿಜಾರು ಮಾಡಿ ಹೊದಿಸಿದ್ದಾರೆ. ಹೊಯ್ಸಳರಿಗೆ ಸಿಕ್ಕಿದ ಮೆದು ಬಳಪದ ಕಲ್ಲು ಇಲ್ಲಿನವರಿಗೆ ಸಿಗಲಿಲ್ಲ. ಇದ್ದದ್ದು ಗಟ್ಟಿ ಕಪ್ಪುಕಲ್ಲು ಮತ್ತು ಮುರಕಲ್ಲು (ಜಂಬಿಟ್ಟಿಗೆ). ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡು ನೋಡಿದರೆ ಊರು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹತ್ತು ಗಂಟೆ ಸುಮಾರಿಗೆ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನಕ್ಕೆ ಹೋಗಿ. ಪೂಜೆ ನಡೆಯುವ ದೇವಸ್ಥಾನಗಳು ಮಧ್ಯಾಹ್ನದ ಪೂಜೆ ಆದ ಮೇಲೆ ಬಾಗಿಲು ಹಾಕಿ ಸಂಜೆಯೇ ತೆರೆಯುವುದು. ತಡ ಮಾಡಿದರೆ ಬಾಗಿಲು ನೋಡಿ ವಾಪಸ್ ಬರಬೇಕು. ಅಮ್ಮ ಬಸದಿಯಲ್ಲಿ ಜಾಸ್ತಿ ಓಡಾಡುವುದು ಬೇಡ, ನೆಲ ಏರುತಗ್ಗು. ಇಲ್ಲಿಗಾದರೆ ಆರಾಮಾಗಿ ಬರಬಹುದು. ಕೋಟೆ ಅಂತ ಬೋರ್ಡ್ ನೋಡಿ ಚಿತ್ರದುರ್ಗ ಅಂದುಕೊಳ್ಳಬೇಡಿ. ಉಳಿದಿರುವುದು ಅವಶೇಷ ಮಾತ್ರ.

ಸಂಜೆ ಕೃಷ್ಣ ಮಠದ ರಥಬೀದಿ. ಕನಕನ ಕಿಂಡಿ ಎಲ್ಲರೂ ನೋಡುತ್ತಾರೆ, ಅದನ್ನು ಹೇಳಬೇಕಾಗಿಲ್ಲ. ಗಂಡಸರು ಅಂಗಿ ತೆಗೆಯಬೇಕಾಗಬಹುದು, ಒಂದು ಶಲ್ಯ ಇರಲಿ. ಅಪ್ಪನನ್ನು ಅಲ್ಲೇ ಇರುವ ಅನಂತೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಕೃಷ್ಣ ಮಠಕ್ಕಿಂತ ಹಳೆಯದು. ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಗಜಪೃಷ್ಠ ಅನ್ನುತ್ತಾರೆ. ಮುಂದಿನಿಂದ ಕೈಮುಗಿದು ಹೋಗುವವರಿಗೆ ಅದು ಕಾಣುವುದೇ ಇಲ್ಲ.

ಪ್ರಶ್ನೆ (ಅವರದೇ): ತುಂಬಾ ಥ್ಯಾಂಕ್ಸ್ ಸರ್. ದ್ವೀಪಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ನನ್ನ ಕೇಳಿದರೆ ಬೇಡ. ಬೋಟ್ ಹತ್ತಿ ಇಳಿಯುವಾಗ ಅಲೆಗೆ ಅದು ಅಲ್ಲಾಡುತ್ತಿರುತ್ತದೆ, ಮಂಡಿನೋವಿನವರಿಗೆ ಅದೇ ಕಷ್ಟ. ಬೋಟ್ ಹೊರಡುವ ಮಲ್ಪೆಯಲ್ಲಿ ಸೀ ವಾಕ್ (ಸಮುದ್ರದ ಅಂಚಿನ ನಡೆದಾರಿ) ಇದೆ, ಅಲ್ಲಿ ಗಾಳಿಗೆ ಕೂರಲಿ. ದ್ವೀಪದಲ್ಲಿ ಉಳಿಯುವ ವ್ಯವಸ್ಥೆ ಇಲ್ಲ. ನೀರು, ಟೋಪಿ ನೀವೇ ಒಯ್ಯಿರಿ. ಐದು ಮೂಲೆ, ಆರು ಮೂಲೆಯ ಆ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಆರಿ ಬಿರಿದು ಆದವು. ಆಗ ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತು. ಮಕ್ಕಳಿಗೆ ಇದನ್ನು ಬೋಟಲ್ಲೇ ಹೇಳಿ, ಇಳಿದ ಮೇಲೆ ಕೇಳಿಸಿಕೊಳ್ಳುವುದಿಲ್ಲ. ಒದ್ದೆ ಕಲ್ಲಿನ ತುದಿಗೆ ಸೆಲ್ಫಿಗೆ ಹೋಗಲು ಮಾತ್ರ ಬಿಡಬೇಡಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ನಾವು ಜುಲೈನಲ್ಲಿ ಬರೋಣ ಅಂತ. ಮಳೆಯಲ್ಲಿ ಫೋಟೋ ಚೆನ್ನಾಗಿ ಬರುತ್ತವೆ ಅಲ್ವಾ?

ಉತ್ತರ: ಫೋಟೋ ಚೆನ್ನಾಗಿ ಬರುತ್ತದೆ, ನೀವು ಒದ್ದೆಯಾಗುತ್ತೀರಿ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇಲ್ಲ, ಸಮುದ್ರಕ್ಕೆ ಇಳಿಯಲೂ ಬಿಡುವುದಿಲ್ಲ. ಜೂನ್, ಜುಲೈ ಟ್ರಾಲಿಂಗ್ ನಿಷೇಧ ಇರುವುದರಿಂದ ಮೀನೂ ದುಬಾರಿ. ಬಾರ್ಕೂರು ಹಸಿರಾಗಿ ಚೆಂದ ಕಾಣುತ್ತದೆ, ಆದರೆ ಕಲ್ಲಿನ ಮೇಲೆ ಪಾಚಿ. ಗ್ರಿಪ್ ಇರುವ ಚಪ್ಪಲಿ ಹಾಕಿ. ಬಸದಿಗೆ ಹೋಗುವಾಗ ಅದನ್ನೂ ಬಿಚ್ಚಬೇಕು, ನಿಧಾನ ನಡೆಯಿರಿ.

ಪ್ರಶ್ನೆ (ಬೆಂಗಳೂರಿನಿಂದ): ಬಾರ್ಕೂರಿನಲ್ಲಿ ಹಳೇ ನಾಣ್ಯ ಸಿಗುತ್ತದಂತೆ. ಯಾರಾದರೂ ಮಾರುತ್ತಾರಾ? ನೆನಪಿಗೆ ಒಂದು ತಗೊಳ್ಳೋಣ ಅಂತ.

ಉತ್ತರ: ಬಾರಕೂರು ಗದ್ಯಾಣ ಅಂತ ಹೆಸರಾದ ನಾಣ್ಯವೇ ಇತ್ತು, ಹಾಗಾಗಿ ಆಸೆ ಸಹಜ. ಆದರೂ ಕೈ ಹಾಕಬೇಡಿ. ರಸ್ತೆ ಬದಿ ತೋರಿಸುವುದು ನಕಲಿಯಾದರೆ ದುಡ್ಡು ಹೋಯಿತು. ಅಸಲಿಯಾದರೆ ಇನ್ನೂ ಕಷ್ಟ. ನೂರು ವರ್ಷ ದಾಟಿದ ನಾಣ್ಯ, ಶಿಲ್ಪ ಎಲ್ಲ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗಿಲ್ಲ, ದೇಶದ ಹೊರಗೆ ಒಯ್ಯುವ ಹಾಗಂತೂ ಇಲ್ಲವೇ ಇಲ್ಲ. ನೆಲದಲ್ಲಿ ಏನಾದರೂ ಕಣ್ಣಿಗೆ ಬಿದ್ದರೆ ಅಲ್ಲೇ ಬಿಟ್ಟು ಫೋಟೋ ತೆಗೆದು ಪಂಚಾಯತಿಗೋ ಡಿಸಿ ಕಚೇರಿಗೋ ತಿಳಿಸಿ. ಮಡಕೆ ಚೂರಿಗೂ ಇದೇ ಮಾತು. ಎಲ್ಲಿ ಸಿಕ್ಕಿತು ಅನ್ನುವುದು ತಪ್ಪಿಹೋದರೆ ಆ ಚೂರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಪ್ರಶ್ನೆ (ಮಂಗಳೂರಿನಿಂದ): ಎಲ್ಲ ಉಡುಪಿಯೇ ಆಯಿತಲ್ಲ ಮಾರಾಯ್ರೆ! ನಮ್ಮ ಕದ್ರಿ ಎಲ್ಲಿ ಹೋಯಿತು?

ಉತ್ತರ: ಮರೆಯಲಿಲ್ಲ ಮಾರಾಯ್ರೆ, ಅವರಿಗೆ ಇರುವುದೇ ಎರಡು ದಿನ. ಮಂಗಳೂರಿನಿಂದ ರೈಲು ಹಿಡಿಯುವವರು ಕದ್ರಿ ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ನೋಡದೆ ಹೋಗಬಾರದು. ಆಳುಪ ರಾಜ ಕುಂದವರ್ಮ 968ರಲ್ಲಿ ಮಾಡಿಸಿದ್ದು, ಪೀಠದ ಮೇಲೆ ಶಾಸನವಿದೆ. ಮೂರನೇ ದಿನ ಇದ್ದರೆ ಕಾರ್ಕಳ, ಮೂಡುಬಿದಿರೆ ಸೇರಿಸಿ. 1432ರ 42 ಅಡಿ ಗೊಮ್ಮಟ, 1430ರ ಸಾವಿರ ಕಂಬದ ಬಸದಿ ಎರಡೂ ಒಂದೇ ದಾರಿಗೆ ಬರುತ್ತವೆ.

ಪ್ರಶ್ನೆ (ದಾವಣಗೆರೆಯವರು): ಕೊನೆಯದು ಸರ್. ಆಗುಂಬೆ ಘಾಟಿ ಮೇಲೆ ಬರುವುದು ಸರಿಯಾ? ಚಿಕ್ಕವನಿಗೆ ವಾಂತಿ ಆಗುತ್ತೆ.

ಉತ್ತರ: ಕಾರಿಗೆ ತೊಂದರೆ ಇಲ್ಲ, ಭಾರಿ ವಾಹನ ಬಿಡದ ಕಾರಣ ಟ್ರಾಫಿಕ್ಕೂ ಕಡಿಮೆ. ತಿರುವು ಮಾತ್ರ 14 ಇವೆ. ತೀರ್ಥಹಳ್ಳಿಯಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ, ಹೆಬ್ರಿ ತಲುಪಿದ ಮೇಲೆ ಕೊಡಿ. ಕತ್ತಲಾಗುವ ಮೊದಲು ಘಾಟಿ ಇಳಿಯಿರಿ. ಡಿಸೆಂಬರ್ ಕೊನೆಯ ವಾರವಾದರೆ ಶಾಲಾ ಪ್ರವಾಸದ ಬಸ್ಸುಗಳೆಲ್ಲ ಮಲ್ಪೆಗೇ ಬರುತ್ತವೆ. ಬೆಳಗಿನ ಮೊದಲ ಬೋಟಿಗೇ ಹೋಗಿ, ಹಿಂದಿನ ಸಂಜೆ ಜೆಟ್ಟಿಯಲ್ಲಿ ಸಮಯ ಕೇಳಿಟ್ಟುಕೊಳ್ಳಿ.