ಉತ್ತರ ಕನ್ನಡದಲ್ಲಿ ಹಾಡು, ಕುಣಿತ, ಕಾಡು ಮೂರೂ ಸಿಗಬೇಕು, ಯಾವಾಗ ಹೋಗಬೇಕು, ಯಾರನ್ನ ಕೇಳಬೇಕು?

ತುಮಕೂರಿನವಳು:

ಎಲ್ಲರಿಗೂ ನಮಸ್ಕಾರ. ಫಾಲ್ಗುಣದಲ್ಲಿ ಹೋಳಿ ಆಸುಪಾಸು ಒಂದು ವಾರ ರಜೆ ಹಾಕಿ ಉತ್ತರ ಕನ್ನಡಕ್ಕೆ ಹೋಗೋಣ ಅಂತಿದ್ದೇನೆ. ನಾನು, ನನ್ನ ಅಪ್ಪ, ಇಬ್ಬರೇ. ಅಪ್ಪ ಊರಿನ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು, ಹೊಸ ಊರಿಗೆ ಹೋದರೆ ಅವರಿಗೆ ದೇವಸ್ಥಾನಕ್ಕಿಂತ ಮೊದಲು ಅಲ್ಲಿಯ ಜನ ಏನು ಹಾಡ್ತಾರೆ ಅಂತ ತಿಳಿಯಬೇಕು.

ಗೋಕರ್ಣದ ಬೀಚು, ದಾಂಡೇಲಿ ರಾಫ್ಟಿಂಗು ಬೇಡ. ಹಾಲಕ್ಕಿ ಒಕ್ಕಲಿಗರ ಹಾಡು, ಅವರ ಗುಮಟೆ ವಾದ್ಯ, ಸಿದ್ದಿ ಜನರ ದಮಾಮಿ ಕುಣಿತ, ಆಮೇಲೆ ಒಂದು ರಾತ್ರಿಯಾದರೂ ಬಯಲಾಟ. ಜೊತೆಗೆ ಕಾಡು, ಜಲಪಾತ ಸ್ವಲ್ಪ. ಒಬ್ಬ ಟ್ರಾವೆಲ್ ಏಜೆಂಟ್‌ರನ್ನ ಕೇಳಿದೆ. ರೆಸಾರ್ಟಿಗೇ ತಂಡವನ್ನು ಕರೆಸಿ ಊಟದ ಹೊತ್ತಿಗೆ ಅರ್ಧ ಗಂಟೆ ಕುಣಿಸ್ತೀವಿ ಅಂದರು. ಅದು ಯಾಕೋ ಮನಸ್ಸಿಗೆ ಬರಲಿಲ್ಲ. ಆದರೆ ಪರಿಚಯ ಇಲ್ಲದ ಊರಿಗೆ ಹೋಗಿ, ಯಾರದೋ ಮನೆ ಮುಂದೆ ನಿಂತು "ಒಂದು ಹಾಡು ಹೇಳಿ" ಅನ್ನೋದೂ ಸರಿಯಲ್ಲ, ಅಲ್ವಾ? ಅಲ್ಲಿಯವರೇ ಯಾರಾದರೂ ದಾರಿ ತೋರಿಸಿ. ದುಡ್ಡು ಕೊಡಬೇಕಾ, ಕೊಡಬಾರದಾ, ಅದನ್ನೂ ಹೇಳಿ. ನಮ್ಮ ಹತ್ತಿರ ಕಾರಿಲ್ಲ.

ಅಂಕೋಲೆಯವ:

ನೀವು ಆರಿಸಿಕೊಂಡ ಹೊತ್ತೇ ಸರಿಯಾದ ಹೊತ್ತು. ಹೋಳಿ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ನಮ್ಮ ಕಡೆ ಸುಗ್ಗಿ ಕುಣಿತ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿಂದ, ಅಂದರೆ ಅವರ ಕೇರಿಗಳಿಂದ, ತಂಡ ಹೊರಡುತ್ತದೆ, ಮನೆಮನೆಗೆ ಹೋಗಿ ಅಂಗಳದಲ್ಲಿ ಕುಣಿಯುತ್ತಾರೆ. ತಲೆ ಮೇಲೆ ತುರಾಯಿ, ಬೆಂಡಿನ ಹೂವು, ಬಣ್ಣದ ಕಾಗದ ಎಲ್ಲ ಸೇರಿಸಿ ಕಟ್ಟಿದ್ದು. ಕೈಯಲ್ಲಿ ನವಿಲುಗರಿ ಕುಂಚ. ಅದು ಪ್ರವಾಸಿಗರಿಗೆ ಅಂತ ನಡೆಯೋದಲ್ಲ, ಅವರ ಹಬ್ಬ. ನೀವು ಅಂಗಳದ ಬದಿಗೆ ನಿಂತು ನೋಡಿದರೆ ಯಾರೂ ಬೇಡ ಅನ್ನೋದಿಲ್ಲ. ಬೆಳಂಬಾರದವರ ಸುಗ್ಗಿ ಅಂಕೋಲಾ ಪೇಟೆಗೆ ಬಂದು ತಹಶೀಲ್ದಾರ್ ಕಚೇರಿ ಎದುರೇ ಕುಣಿಯುತ್ತದೆ. ಅದನ್ನ ನೋಡೋಕೆ ನಿಮಗೆ ಯಾರ ಪರಿಚಯವೂ ಬೇಡ, ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕೇಳಿದರೆ ಸಾಕು.

ಗುಮಟೆ ನುಡಿಸೋರು ಸಿಕ್ಕರೆ ನಿಮ್ಮ ಅಪ್ಪನವರನ್ನು ಹತ್ತಿರವೇ ಕೂರಿಸಿ, ಎಡಗೈ ನೋಡೋಕೆ ಹೇಳಿ. ಮಣ್ಣಿನ ಮಡಕೆ ಅದು, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮದ ಮೇಲೆ ಆಡುತ್ತಿರುವಾಗ ಎಡ ಅಂಗೈ ಆ ಸಣ್ಣ ಬಾಯಿಯನ್ನು ಮುಚ್ಚುತ್ತಾ ತೆಗೆಯುತ್ತಾ ಇರುತ್ತದೆ, ನಾದ ಉಬ್ಬೋದು ತಗ್ಗೋದು ಅಲ್ಲಿಂದಲೇ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ, ಈಗ ಆಡಿನ ಚರ್ಮ. ಹಳಬರು ಇದರಲ್ಲಿ ಆ ನಾದ ಇಲ್ಲ ಅಂತಾರೆ. ನನಗೆ ಕೇಳಿದರೆ ಕಲಿಯೋ ಹುಡುಗರು ಇರೋದು ಮುಖ್ಯ, ಚರ್ಮ ಯಾವುದಾದರೇನು.

ಹೆಂಗಸರ ಹಾಡಿನ ವಿಷಯ ಬೇರೆ. ನಾಟಿಗೆ, ಮದುವೆಗೆ, ಒನಕೆ ಕುಟ್ಟೋಕೆ ಅಂತ ಒಂದೊಂದಕ್ಕೆ ಒಂದೊಂದು ಹಾಡು. ಬಡಗೇರಿಯ ಸುಕ್ರಿ ಬೊಮ್ಮಗೌಡ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂದಿದ್ದು ಈ ಹಾಡುಗಳಿಗೇ. ಅವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳು ಮುಂಚೆ, ಗಿಡ ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡ ಅಜ್ಜಿಯೂ ಹೋದರು. ಒಂದೇ ತಾಲ್ಲೂಕಿನ ಎರಡು ದೊಡ್ಡ ಜೀವ. ಸುಕ್ರಿ ಅಜ್ಜಿ ತನ್ನ ಊರಲ್ಲಿ ಸಾರಾಯಿ ವಿರುದ್ಧ ಹೋರಾಡಿದವರೂ ಹೌದು, ಆದರೆ ಹೊರಗಿಂದ ಬಂದವರು ಅವರ ಮಣಿಸರದ ಫೋಟೋ ತೆಗೆದುಕೊಂಡು ಹೋದದ್ದೇ ಜಾಸ್ತಿ. ಅದಕ್ಕೇ ಹೇಳೋದು, ಮೊದಲು ಮಾತಾಡಿ. ಗದ್ದೆ ಬಗ್ಗೆ, ಮಕ್ಕಳ ಬಗ್ಗೆ, ಸಂತೆಯ ಬಗ್ಗೆ. ನಿಮ್ಮ ಅಪ್ಪ ತಾವೇ ಒಂದು ಭಜನೆ ಹೇಳಲಿ. ಒಬ್ಬರು ಹಾಡಿದ ಮೇಲೆ ಇನ್ನೊಬ್ಬರು ಸುಮ್ನೆ ಕೂರೋದು ನಮ್ಮ ಕಡೆ ಇಲ್ಲ.

ಯಲ್ಲಾಪುರ_ಘಟ್ಟ:

ಸಿದ್ದಿಗಳ ಬಗ್ಗೆ ನಾನು ಹೇಳ್ತೀನಿ, ಅವರ ಜೊತೆ ಓದಿ ಬೆಳೆದವನು.

ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇರುವವರು ಅವರ ಮಕ್ಕಳು ಮೊಮ್ಮಕ್ಕಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಹೆಚ್ಚಿನವರ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಅದೂ ನಿಮ್ಮ ನನ್ನ ಹಾಗೇ. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋಗಿದ್ದು 2020ರಲ್ಲಿ. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬರುವ ಹತ್ತರಲ್ಲಿ ಎಂಟು ಜನ ಕೇಳುವ ಮೊದಲ ಪ್ರಶ್ನೆ "ನೀವು ಯಾವ ದೇಶದವರು?" ನೂರಾರು ವರ್ಷದಿಂದ ಇಲ್ಲೇ ಇರುವವರಿಗೆ ಈ ಪ್ರಶ್ನೆ ಎಷ್ಟು ನೋಯಿಸುತ್ತದೆ ಅಂತ ನನ್ನ ಗೆಳೆಯರ ಮುಖದಲ್ಲಿ ನೋಡಿದ್ದೇನೆ. ದಯವಿಟ್ಟು ಕೇಳಬೇಡಿ. ಕೂದಲು ಮುಟ್ಟೋದು, ಮಕ್ಕಳನ್ನು ಎಳೆದು ಸೆಲ್ಫಿ ತೆಗೆಯೋದು, ಅದೂ ಬೇಡ.

ದಮಾಮಿ ಅನ್ನೋದು ಮರಕ್ಕೆ ಚರ್ಮ ಬಿಗಿದ ವಾದ್ಯದ ಹೆಸರೂ ಹೌದು, ಅದಕ್ಕೆ ಕುಣಿಯೋ ಕುಣಿತದ ಹೆಸರೂ ಹೌದು. ಹೆಂಗಸರು ಫುಗಡಿ ಅನ್ನೋ ಕುಣಿತ ಆಡ್ತಾರೆ. ಯಲ್ಲಾಪುರ ತಾಲ್ಲೂಕಿನಲ್ಲಿ ಸಿದ್ದಿ ಹೆಂಗಸರೇ ಸ್ವಸಹಾಯ ಸಂಘ ಮಾಡಿಕೊಂಡು ದಮಾಮಿ ಅನ್ನೋ ಹೆಸರಲ್ಲೇ ಹೋಂಸ್ಟೇ ನಡೆಸುತ್ತಿದ್ದಾರೆ. ಉಳಿಯೋದಾದರೆ ಅಲ್ಲೇ ಉಳಿಯಿರಿ, ತಾಲ್ಲೂಕು ಪಂಚಾಯ್ತಿ ಆಫೀಸಿನಲ್ಲಿ ಕೇಳಿದರೆ ಸಂಪರ್ಕ ಸಿಗುತ್ತದೆ. ಅಡುಗೆ ಅವರದು, ದರ ಅವರದು, ಕುಣಿಯೋದು ಬಿಡೋದು ಅವರ ಇಷ್ಟ. ನಿಮ್ಮ ರೆಸಾರ್ಟಿನ ಅರ್ಧ ಗಂಟೆಗೂ ಇದಕ್ಕೂ ಇರೋ ವ್ಯತ್ಯಾಸ ಇಷ್ಟೇ, ಆದರೆ ಇದೇ ದೊಡ್ಡದು.

ಕಾಡಿನ ವಿಷಯ. ಮಾಗೋಡು, ಸಾತೊಡ್ಡಿ ಎರಡೂ ಜಲಪಾತಕ್ಕೆ ಯಲ್ಲಾಪುರದಿಂದ ಆಟೋ ಅಥವಾ ಜೀಪಿನಲ್ಲಿ ಹೋಗಬಹುದು. ಫಾಲ್ಗುಣಕ್ಕೆ ನೀರು ಇಳಿದಿರುತ್ತದೆ, ಫೋಟೋದಲ್ಲಿ ನೋಡಿದ ಹಾಗೆ ಇರಲ್ಲ. ಆದರೆ ಮಾಗೋಡಿಗೆ ಹೋದವರು ಜೇನುಕಲ್ಲು ಗುಡ್ಡ ತಪ್ಪಿಸಬೇಡಿ, ಸಂಜೆ ಅಲ್ಲಿ ನಿಂತರೆ ಕೆಳಗೆ ಬೇಡ್ತಿ ಕಣಿವೆ ಪೂರ್ತಿ ಕಾಣುತ್ತದೆ.

ಓದುಗ_ಧಾರವಾಡ:

ಅಂಕೋಲೆಯವರು ಹೇಳಿದ್ದೆಲ್ಲ ಒಪ್ಪಿದೆ. ನನಗೆ ದುಡ್ಡಿನ ವಿಷಯದಲ್ಲಿ ಅನುಮಾನ ಇದೆ. ಹಬ್ಬದ ಕುಣಿತಕ್ಕೆ ಹೊರಗಿನವರು ನೋಟು ಕೊಡೋಕೆ ಶುರು ಮಾಡಿದರೆ ನಾಲ್ಕು ವರ್ಷದಲ್ಲಿ ನೋಟು ಕೊಡೋರ ಮುಂದೆ ಮಾತ್ರ ಕುಣಿತ ಅನ್ನೋ ಹಾಗಾಗುತ್ತದೆ. ಎಷ್ಟೋ ಕಡೆ ಹಾಗೇ ಆಗಿದೆ. ಕೊಡದೇ ಇರೋದೇ ಒಳ್ಳೆಯದು ಅನ್ಸುತ್ತೆ.

ಅಂಕೋಲೆಯವ:

ಇಲ್ಲ, ಇದನ್ನ ಒಪ್ಪೋಕಾಗಲ್ಲ. ಸುಗ್ಗಿ ತಂಡ ಅಂಗಳಕ್ಕೆ ಬಂದಾಗ ನಾವು ಮನೆಯವರೇ ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ದುಡ್ಡು ಕೊಡ್ತೇವೆ. ಕೊಡೋದು ಹೊಸದಲ್ಲ. ಕೆಲಸ ಬಿಟ್ಟು, ಬಿಸಿಲಲ್ಲಿ ಆ ತುರಾಯಿ ಹೊತ್ತು ಊರೂರು ತಿರುಗೋ ಜನ ಅವರು, ಎಷ್ಟೋ ಜನ ಕೂಲಿ ಮಾಡಿ ಬದುಕೋರು. ನೋಡಿ ಖುಷಿ ಪಟ್ಟು ಬರಿಗೈಯಲ್ಲಿ ಕಳಿಸೋದು ಯಾವ ಮರ್ಯಾದೆ? ಕೆಡೋದು ಕೊಡೋದರಿಂದಲ್ಲ, "ಇನ್ನೊಮ್ಮೆ ಕುಣೀರಿ, ವಿಡಿಯೋ ಸರಿ ಬಂದಿಲ್ಲ" ಅನ್ನೋದರಿಂದ. ತಂಡದ ಹಿರಿಯರ ಕೈಗೆ, ತಂಡಕ್ಕೆ ಅಂತ ಕೊಡಿ. ಒಬ್ಬೊಬ್ಬರ ಕೈಗೆ ತುರುಕಬೇಡಿ.

ಓದುಗ_ಧಾರವಾಡ:

ಮನೆಯವರೂ ಕೊಡ್ತಾರೆ ಅನ್ನೋದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಸರಿ. ಆದರೆ ಯಾರ ಮನೆಯದೂ ಅಲ್ಲದ ಬಯಲಲ್ಲಿ, ದುಡ್ಡಿನ ಆಸೆ ತೋರಿಸಿ ಕರೆಸಿ ಕುಣಿಸೋದು ಬೇಡ ಅನ್ನೋದು ಈಗಲೂ ನನ್ನ ಮಾತು.

ಚೌಕಿಮನೆ:

ಬಯಲಾಟ ಅಂದ್ರಲ್ಲ, ಅದಕ್ಕೆ ಉತ್ತರ ಕೊಡೋಕೇ ಬಂದೆ. ನಮ್ಮ ಕಡೆ ಆಟ ಅಂದರೆ ಯಕ್ಷಗಾನ, ಅದರಲ್ಲೂ ಬಡಗುತಿಟ್ಟು ಅನ್ನೋ ಶೈಲಿ. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಟರೆ ಮಳೆಗಾಲದ ತನಕ ತಿರುಗಾಟ. ಫಾಲ್ಗುಣದಲ್ಲಿ ಕುಮಟಾ, ಹೊನ್ನಾವರದ ಯಾವ ಮೂಲೆಗೆ ಹೋದರೂ ಹತ್ತಿರದಲ್ಲೆಲ್ಲೋ ಆಟ ಇದ್ದೇ ಇರುತ್ತದೆ. ಪೇಟೆ ಅಂಗಡಿಗಳ ಗೋಡೆ ನೋಡಿ, ಪೋಸ್ಟರ್ ಅಂಟಿಸಿರುತ್ತಾರೆ. ಈಗ ಮೂರು ನಾಲ್ಕು ಗಂಟೆಯ ಕಾಲಮಿತಿ ಆಟಗಳೇ ಜಾಸ್ತಿ. ಆದರೂ ಹರಕೆಯ ಆಟ ಬೆಳಗಿನವರೆಗೆ ನಡೆಯೋದು ಸಿಕ್ಕರೆ ಅದನ್ನೇ ನೋಡಿ. ನಿಮ್ಮ ಅಪ್ಪನವರು ಪದ್ಯ ಹಾಡೋ ಭಾಗವತರ ಬದಿಗೆ ಕೂರಲಿ. ಅದೇ ಪದ್ಯ ರಾತ್ರಿ ಹತ್ತಕ್ಕೆ ಹೇಳೋದಕ್ಕೂ ಮೂರು ಗಂಟೆಗೆ ಏರು ಶ್ರುತಿಯಲ್ಲಿ, ಚಂಡೆ ಬಿದ್ದ ಮೇಲೆ ಹೇಳೋದಕ್ಕೂ ಎಷ್ಟು ಅಂತರ ಅಂತ ಹಾರ್ಮೋನಿಯಂ ಹಿಡಿದ ಕೈಗೆ ಬೇಗ ಗೊತ್ತಾಗುತ್ತದೆ.

ಆಟ ಶುರುವಾಗೋ ಮುಂಚೆ ಚೌಕಿಗೆ, ಅಂದರೆ ವೇಷ ಕಟ್ಟೋ ಜಾಗಕ್ಕೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು. ಅಲ್ಲಿ ಗಣಪತಿ ಇಟ್ಟಿರುತ್ತಾರೆ. ವೇಷಧಾರಿಗಳು ಕನ್ನಡಿ ಹಿಡಿದು ತಮ್ಮ ಬಣ್ಣ ತಾವೇ ಬರೆದುಕೊಳ್ತಾರೆ. ಕೇದಗೆ ಮುಂದಲೆ ಅನ್ನೋ ತಲೆಯ ವೇಷ ಕಟ್ಟೋದನ್ನ ನೋಡಲೇಬೇಕು. ಅದು ತಯಾರಿಸಿಟ್ಟ ಕಿರೀಟ ಅಲ್ಲ, ಪ್ರತಿ ರಾತ್ರಿ ತಲೆ ಮೇಲೇ ಬಟ್ಟೆ ಸುತ್ತಿ, ಪಟ್ಟಿ ಬಿಗಿದು ಹೊಸದಾಗಿ ಕಟ್ಟೋದು. ಆ ಹೊತ್ತಲ್ಲಿ ಮಾತಾಡಿಸಬೇಡಿ.

ಹೊನ್ನಾವರದ ಗುಣವಂತೆಗೂ ಹೋಗಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದವರು ಅಲ್ಲೇ ಇದ್ದಾರೆ, ಮಕ್ಕಳಿಗೆ ಕಲಿಸುತ್ತಾರೆ. ಕಲಿಯೋ ಮಕ್ಕಳ ತಾಳದ ಪಾಠ ನೋಡೋದು ನನಗಂತೂ ಆಟ ನೋಡಿದಷ್ಟೇ ಇಷ್ಟ.

ಇನ್ನೊಂದು. ಕುಮಟಾದಲ್ಲಿ ಇಳಿದರೆ ಅಘನಾಶಿನಿ ಅಳಿವೆಗೆ ಹೋಗಿ. ಎಲ್ಲೂ ಅಣೆಕಟ್ಟಿಲ್ಲದೆ ಶಿರಸಿಯಿಂದ ಹರಿದು ಬರುವ ಹೊಳೆ, 2024ರಲ್ಲಿ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ನೀರು ಇಳಿದ ಹೊತ್ತಲ್ಲಿ ಹೆಂಗಸರು ಬಳಚು ಅನ್ನೋ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಗಜನಿ ಅನ್ನೋ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯೋ ಕಗ್ಗ ಭತ್ತದ ಬಗ್ಗೆ ಅಲ್ಲಿಯ ಯಾರನ್ನಾದರೂ ಕೇಳಿ ನೋಡಿ, ನಿಮ್ಮನ್ನ ಕೂರಿಸಿಕೊಂಡು ಹೇಳ್ತಾರೆ.

ತುಮಕೂರಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಗುಮಟೆಯ ಎಡಗೈ ವಿಷಯ ಎರಡು ಸಲ ಓದಿಸಿದರು. ಒಂದು ಪದ್ಯಕ್ಕೆ ಬೆಳಗಿನ ತನಕ ಕೂರ್ತೀನಿ ಅಂತಿದ್ದಾರೆ, ವಯಸ್ಸು ಅರವತ್ತು ದಾಟಿದೆ.

ಹಾಗಾದರೆ ಅಂಕೋಲಾ, ಯಲ್ಲಾಪುರ, ಹೊನ್ನಾವರ ಮೂರೂ ಸೇರಿಸಬಹುದಾ? ಯಾಣವನ್ನೂ ನೋಡಬೇಕು ಅಂತಿದೆ. ಕಾಡಲ್ಲಿ ನಡೆಯೋಕೆ ಏನಾದರೂ ಎಚ್ಚರ ಬೇಕಾ?

ಯಲ್ಲಾಪುರ_ಘಟ್ಟ:

ಮೂರೂ ಸೇರಿಸಿ, ಆದರೆ ಎರಡೇ ಕಡೆ ಉಳಿಯಿರಿ. ದಿನಾ ಲಗೇಜು ಕಟ್ಟಿದರೆ ಯಾರ ಪರಿಚಯವೂ ಆಗಲ್ಲ. ತುಮಕೂರಿಂದ ಹುಬ್ಬಳ್ಳಿ ಮೇಲೆ ಯಲ್ಲಾಪುರಕ್ಕೆ ಬನ್ನಿ, ಮೊದಲು ಸಿದ್ದಿಗಳ ಹೋಂಸ್ಟೇ. ಆಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ, ಬಸ್ಸು ಬೇಕಾದಷ್ಟಿವೆ. ಹೋಳಿಯ ದಿನಗಳು ಅಲ್ಲೇ ಇರಲಿ. ಹೊನ್ನಾವರ, ಕುಮಟಾಕ್ಕೆ ಅಲ್ಲಿಂದಲೇ ಹಗಲು ಹೋಗಿ ಬರಬಹುದು. ವಾಪಸ್ ಹೋಗೋಕೆ ಕರಾವಳಿ ಕಡೆಯಿಂದ ಬೆಂಗಳೂರಿಗೆ ರಾತ್ರಿ ರೈಲಿದೆ, ಬೇಗ ಬುಕ್ ಮಾಡಿ.

ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಕಪ್ಪು ಕಲ್ಲು, ಕೆಳಗೆ ನಿಂತು ನೋಡೋಕೆ ಚೆನ್ನ. ಬೆಳಗ್ಗೆ ಬೇಗ ಹೋಗಿ.

ಎಚ್ಚರ ಖಂಡಿತ ಬೇಕು. ಉಂಬಳದ, ಅಂದರೆ ಜಿಗಣೆಯ ಕಾಟ ಮಳೆಗಾಲಕ್ಕೆ, ನೀವು ಬರೋ ಹೊತ್ತಿಗೆ ಇರಲ್ಲ. ಆದರೆ ಬೇಸಿಗೆ ಅಂದರೆ ಉಣುಗಿನ ಕಾಲ, ಮಂಗನ ಕಾಯಿಲೆ ಹರಡೋದು ಅದರಿಂದಲೇ. ಕಾಡಿಗೆ ಹೋಗುವಾಗ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಕಾಲುಚೀಲದೊಳಗೆ ಪ್ಯಾಂಟಿನ ತುದಿ. ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚೋ ಡೆಪಾ ಎಣ್ಣೆ ಇಲ್ಲಿಯ ಆರೋಗ್ಯ ಕೇಂದ್ರಗಳಲ್ಲಿ ಕೇಳಿ. ಒಣ ಎಲೆ ಮೇಲೆ ಕೂರಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಎಲ್ಲಾದರೂ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಪಂಚಾಯ್ತಿಗೆ ಹೇಳಿ. ಊರಿಗೆ ಹೋದ ಮೇಲೆ ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಉತ್ತರ ಕನ್ನಡದ ಕಾಡಿಗೆ ಹೋಗಿದ್ದೆ ಅಂತ ಮೊದಲೇ ತಿಳಿಸಿ.

ಅಂಕೋಲೆಯವ:

ಅಂಕೋಲೆಗೆ ಬರೋ ಮುಂಚಿನ ದಿನ ಇಲ್ಲೇ ಒಂದು ಮೆಸೇಜ್ ಹಾಕಿ. ಆ ದಿನ ಯಾವ ಕೊಪ್ಪದ ಸುಗ್ಗಿ ಎಲ್ಲಿ ಬರುತ್ತದೆ ಅಂತ ವಿಚಾರಿಸಿ ಹೇಳ್ತೇನೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ.