ಮಗಳು ಮೊದಲ ಸಲ ಕ್ಯಾಂಪಿಗೆ ಹೋಗುತ್ತಿದ್ದಾಳೆ, ಬಂಕ್ ಬೆಡ್‌ಗೆ ಏನೇನು ಕಳಿಸಲಿ?

ಹಾಸನದ ತಾಯಿ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 9 ವರ್ಷ. ಮೇ ಮೊದಲ ವಾರ ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ 8 ದಿನದ ಕ್ಯಾಂಪಿದೆ, ಅದಕ್ಕೆ ಹೊರಟಿದ್ದಾಳೆ. ಇದುವರೆಗೆ ಅಜ್ಜಿ ಮನೆ ಬಿಟ್ಟು ಬೇರೆಲ್ಲೂ ಒಬ್ಬಳೇ ಮಲಗಿದವಳಲ್ಲ. ಅಲ್ಲಿ ದೊಡ್ಡ ಹಾಲ್‌ನಲ್ಲಿ ಕಬ್ಬಿಣದ ಬಂಕ್ ಬೆಡ್‌ಗಳಿವೆ. ತೆಳ್ಳಗಿನ ಹಾಸಿಗೆ ಅವರೇ ಕೊಡುತ್ತಾರಂತೆ. ದಿಂಬು, ಬೆಡ್‌ಶೀಟ್, ಹೊದಿಕೆ ನಾವು ಕಳಿಸಬೇಕು. ಇವಳಿಗೆ ಮೇಲಿನದೇ ಬೇಕಂತೆ, ಒಂದೇ ಹಟ. ನಿದ್ದೆಯಲ್ಲಿ ಮಂಚದ ತುಂಬಾ ಹೊರಳಾಡುವ ಹುಡುಗಿ! ಹೇಗೂ ಕಾರಿನಲ್ಲಿ ಬಿಡಲು ಹೋಗುತ್ತೇವೆ. ಮನೆಯ ಫೋಮ್ ಹಾಸಿಗೆಯನ್ನೇ ಅದರ ಮೇಲೆ ಹಾಕಿ ಬರೋಣ ಅಂದುಕೊಂಡಿದ್ದೇನೆ. ಇಲ್ಲಿ ಫ್ಯಾನ್ ಇಲ್ಲದೆ ಮಲಗಲು ಆಗುತ್ತಿಲ್ಲ. ಅಲ್ಲಿ ಕಂಬಳಿ ಬೇಕಾಗುತ್ತದಾ?

ಆಲ್ದೂರು ಕಡೆಯವಳು:
ಫೋಮ್ ಹಾಸಿಗೆ ಖಂಡಿತ ಬೇಡಮ್ಮ. ನಾನು 11 ಬೇಸಿಗೆ ಇಂಥ ಕ್ಯಾಂಪುಗಳಲ್ಲಿ ರಾತ್ರಿ ಹೆಣ್ಣುಮಕ್ಕಳ ಹಾಲ್‌ನಲ್ಲಿ ಮಲಗಿದವಳು. ಒಂದು ವರ್ಷ ಒಬ್ಬ ತಾಯಿ ನಿಮ್ಮ ಹಾಗೇ ಪ್ರೀತಿಯಿಂದ ದಪ್ಪ ಹಾಸಿಗೆ ತಂದು ಹಾಸಿಕೊಟ್ಟರು. ನಾವೂ ಸುಮ್ನೆ ಒಪ್ಪಿಕೊಂಡೆವು. ಹಾಸಿಗೆ ಎತ್ತರವಾಯಿತು, ಪಕ್ಕದ ಕಂಬಿ ಗಿಡ್ಡವಾಯಿತು. ಎರಡನೇ ರಾತ್ರಿ ಮಗು ಕಂಬಿಯ ಮೇಲಿಂದ ಉರುಳಿ ಬಿತ್ತು. ಮೊಣಕೈ ಊದಿಕೊಂಡಿತ್ತು, ಮೂಳೆಗೆ ಏನೂ ಆಗಲಿಲ್ಲ. ಆ ಸದ್ದು ನನಗೆ ಇವತ್ತಿಗೂ ಮರೆತಿಲ್ಲ.

ಹಾಸಿಗೆ ಹಾಸಿದ ಮೇಲೂ ಕಂಬಿ ಕಡಿಮೆ ಅಂದರೆ 5 ಇಂಚು ಮೇಲೆ ಉಳಿಯಬೇಕು. ಗೋಡೆ ಕಡೆಗೂ ಕಂಬಿ ಇರಬೇಕು. ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಮಕ್ಕಳು ಸಿಕ್ಕಿಕೊಳ್ಳುತ್ತಾರೆ. ಬಿಡಲು ಹೋದಾಗ ತಲೆ ಎತ್ತಿ ಸೀಲಿಂಗ್ ಫ್ಯಾನ್ ಎಲ್ಲಿದೆ ನೋಡಿ. ಮಗು ಮೇಲೆ ಎದ್ದು ಕೂತು ಕೈ ಚಾಚಿದರೆ ರೆಕ್ಕೆ ತಾಗುವ ಹಾಗಿದ್ದರೆ ಆ ಮಂಚ ಬೇಡವೇ ಬೇಡ. ಆರು ವರ್ಷದೊಳಗಿನ ಮಕ್ಕಳನ್ನಂತೂ ಮೇಲೆ ಮಲಗಿಸಲೇಬಾರದು. ನಿಮ್ಮ ಮಗಳಿಗೆ ವಯಸ್ಸೇನೋ ಆಗಿದೆ, ಆದರೂ ಮೊದಲ ಕ್ಯಾಂಪಿಗೆ ಕೆಳಗಿನದೇ ಕೇಳಿ. ಬೀಳುವ ಭಯಕ್ಕಿಂತ ಜಾಸ್ತಿ ಇನ್ನೊಂದು ಕಾರಣ ಇದೆ. ಮೇಲೆ ಮಲಗಿದ ಮಕ್ಕಳು ಕತ್ತಲಲ್ಲಿ ಏಣಿ ಇಳಿಯಲು ಹೆದರಿ ಬಾತ್‌ರೂಮಿಗೆ ಹೋಗದೆ ತಡೆದುಕೊಂಡು ಮಲಗುತ್ತಾರೆ. ಬೆಳಿಗ್ಗೆ ಹಾಸಿಗೆ ಒದ್ದೆ. ಹತ್ತು ವರ್ಷದ ಮಕ್ಕಳಿಗೂ ಹೊಸ ಜಾಗದಲ್ಲಿ ಹೀಗಾಗುತ್ತದೆ. ಆಮೇಲೆ ಆ ಮಗು ಇಡೀ ದಿನ ಯಾರ ಜೊತೆಗೂ ಆಡುವುದಿಲ್ಲ. ಹಾಗಾಗಿ ಒಂದು ಪುಟ್ಟ ಟಾರ್ಚ್‌ಗೆ ದಾರ ಕಟ್ಟಿ, ತಲೆ ಹತ್ತಿರದ ಕಂಬಿಗೆ ನೇತುಹಾಕಿ. ಚಪ್ಪಲಿ ಎಲ್ಲಿಡಬೇಕು ಅಂತ ಅವಳ ಕೈಯಲ್ಲೇ ಇಡಿಸಿ ತೋರಿಸಿ.

ಕಂಬಳಿ ಬೇಕು. ಹಾಸನದ ಸೆಕೆ ನೋಡಿ ಮೋಸ ಹೋಗಬೇಡಿ. ಇಲ್ಲಿ ಭರಣಿ ಮಳೆ ಸಂಜೆ ಒಂದು ಗಂಟೆ ಹೊಡೆದರೆ ಸಾಕು, ಬೆಳಗಿನ ಜಾವ ಮಕ್ಕಳು ಮುದುಡಿಕೊಂಡು ಮಲಗಿರುತ್ತಾರೆ. ಕಬ್ಬಿಣದ ಮಂಚಕ್ಕೆ ತೆಳು ಹಾಸಿಗೆ ಹಾಕಿದರೆ ಚಳಿ ಕೆಳಗಿನಿಂದ ಬರುತ್ತದೆ. ಕಂಬಳಿಯನ್ನು ಎರಡು ಮಡಿಕೆ ಮಾಡಿ ಬೆಡ್‌ಶೀಟ್ ಕೆಳಗೆ ಹಾಸಿ. ಮೈಗೂ ಮೆತ್ತಗಾಗುತ್ತದೆ. ಹೊದೆಯಲು ನಿಮ್ಮ ಹಳೆಯ ಕಾಟನ್ ಸೀರೆ ಮಡಚಿ ಕೊಡಿ, ಮೇಲೊಂದು ರಗ್ಗು. ಸೀರೆಯನ್ನು ಮಾತ್ರ ಒಗೆದು ಕಳಿಸಬೇಡಿ. ನೀವು ಎರಡು ದಿನ ಉಟ್ಟದ್ದೇ ಇರಲಿ. ಅಮ್ಮನ ವಾಸನೆ ಇದ್ದರೆ ಮೊದಲ ರಾತ್ರಿ ಅಳು ಬೇಗ ನಿಲ್ಲುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ.

ಟೈಲರ್, ಹಾಸನ:
ಮೇಡಂ, ಬೆಡ್‌ಶೀಟ್ ಬಗ್ಗೆ ಒಂದು ಮಾತು. ಹೊರಳಾಡುವ ಮಕ್ಕಳ ಶೀಟ್ ಬೆಳಿಗ್ಗೆ ಕಾಲ ಹತ್ತಿರ ಮುದ್ದೆಯಾಗಿರುತ್ತದೆ. ನಾಲ್ಕೂ ಮೂಲೆಗೆ ಅಡ್ಡವಾಗಿ 8 ಇಂಚಿನ ಎಲಾಸ್ಟಿಕ್ ಪಟ್ಟಿ ಹೊಲಿಸಿ, ಹಾಸಿಗೆಯ ಮೂಲೆಗೆ ಸಿಕ್ಕಿಸಿದರೆ ಜಾರುವುದಿಲ್ಲ. ಮೊದಲು ಅಳತೆ ಕೇಳಿ. ಸಿಂಗಲ್ ಹಾಸಿಗೆ 30 ಇಂಚು ಅಗಲದ್ದೂ ಇರುತ್ತದೆ, 36 ಇಂಚಿನದ್ದೂ ಇರುತ್ತದೆ. ಇನ್ನೂ ಸುಲಭ ಬೇಕಾದರೆ ಡಬಲ್ ಬೆಡ್‌ಶೀಟನ್ನು ಅರ್ಧಕ್ಕೆ ಮಡಚಿ, ಕಾಲ ಕಡೆ ಪೂರ್ತಿ, ಪಕ್ಕಕ್ಕೆ ಅರ್ಧದವರೆಗೆ ಹೊಲಿಗೆ ಹಾಕಿಸಿ. ಚೀಲದ ಹಾಗೆ ಒಳಗೆ ಹೋಗಿ ಮಲಗಬಹುದು. ಮಗುವಿಗೆ ಹಾಸಿ ಮಡಚುವ ಕೆಲಸವೂ ಕಡಿಮೆ.

ಕಡೂರಿನ ಅಪ್ಪ:
ತಿಂಡಿ ಡಬ್ಬಿಯನ್ನು ಹಾಸಿಗೆ ಮೇಲೆ ಇಡಬೇಡ ಅಂತ ಹೇಳಿ ಕಳಿಸಿ. ನನ್ನ ಮಗ ದಿಂಬಿನ ಕೆಳಗೆ ಕೊಬ್ಬರಿ ಮಿಠಾಯಿ ಇಟ್ಟುಕೊಂಡಿದ್ದ. ರಾತ್ರಿ ಇರುವೆ ಕಚ್ಚಿ ಕಿವಿ ಊದಿತ್ತು.

ಹಾಸನದ ತಾಯಿ:
ತುಂಬಾ ಥ್ಯಾಂಕ್ಸ್. ಫೋಮ್ ಹಾಸಿಗೆ ಬಿಟ್ಟೆ. ಕ್ಯಾಂಪಿಗೆ ಫೋನ್ ಮಾಡಿ ಕೆಳಗಿನ ಮಂಚ ಬರೆಸಿದೆ, ಅಳತೆ 72ಕ್ಕೆ 30 ಅಂದರು. ಮಗಳಿಗೆ ಬೇಜಾರಾಯಿತು. ಅಕ್ಕ, ಕೆಳಗಿನ ಮಂಚ ಅವಳಿಗೆ ಇಷ್ಟವಾಗುವ ಹಾಗೆ ಏನಾದರೂ ಮಾಡಬಹುದಾ?

ಆಲ್ದೂರು ಕಡೆಯವಳು:
ಮಾಡಬಹುದಲ್ವಾ! ಒಂದು ಹಳೆಯ ದುಪಟ್ಟಾ, ನಾಲ್ಕು ಬಟ್ಟೆ ಕ್ಲಿಪ್ ಕಳಿಸಿ. ಮೇಲಿನ ಮಂಚದ ಅಂಚಿಗೆ ಕ್ಲಿಪ್ ಹಾಕಿ ಪರದೆ ಬಿಟ್ಟರೆ ಅದು ಅವಳ ಮನೆ. ಮೇಲೆ ಮಲಗಿದವರಿಗೆ ಅದು ಸಿಗುವುದಿಲ್ಲ. ಆಮೇಲೆ ನೋಡಿ, ಮಧ್ಯಾಹ್ನ ಊಟ ಆದ ಮೇಲೆ ಎಲ್ಲ ಹುಡುಗಿಯರೂ ಅವಳ ಮಂಚದಲ್ಲೇ ಕೂತಿರುತ್ತಾರೆ. ಸೊಳ್ಳೆಪರದೆ ತಂದರೆ ಅದನ್ನೂ ಅಲ್ಲೇ ಕಟ್ಟಬಹುದು, ನಾಲ್ಕು ತುಂಡು ದಾರ ಜೊತೆಗಿರಲಿ. ಒದ್ದೆ ಟವೆಲ್ ಮಾತ್ರ ಮಂಚಕ್ಕೆ ಹಾಕಬಾರದು, ಮಳೆ ಹಿಡಿದರೆ ಒಣಗುವುದೇ ಇಲ್ಲ. ತೆಳ್ಳಗಿನ ಟವೆಲ್ ಎರಡು ಕಳಿಸಿ.